ಗಂಡಸರ ಆಪರೇಷನ್ ಮತ್ತು ಟೆಸ್ಟೋಸ್ಟೆರಾನ್

ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಗೆ ವೈದ್ಯರು ವ್ಯಾಸೆಕ್ಟಮಿ ಎನ್ನುತ್ತಾರೆ, ಊರಿನವರು ಗಂಡಸರ ಆಪರೇಷನ್ ಎನ್ನುತ್ತಾರೆ. ವೃಷಣದಲ್ಲಿ ಹುಟ್ಟುವ ವೀರ್ಯಾಣುಗಳು ಎರಡು ವೀರ್ಯನಾಳಗಳ ಮೂಲಕ ಮೇಲೇರಿ ವೀರ್ಯದಲ್ಲಿ ಸೇರುತ್ತವೆ. ಆ ನಾಳಗಳನ್ನು ಕತ್ತರಿಸಿ ಕಟ್ಟುವುದೇ ಈ ಚಿಕಿತ್ಸೆ.

ಈಗ ಬಳಕೆಯಲ್ಲಿರುವ ಎನ್‌ಎಸ್‌ವಿ (ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿ) ವಿಧಾನವನ್ನು ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಚೂಪಾದ ಇಕ್ಕಳದಿಂದ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ನಾಳವನ್ನು ಹೊರಗೆಳೆದು, ಅದರ ಒಂದು ತುಣುಕನ್ನು ತೆಗೆದು ತುದಿಗಳನ್ನು ದಾರದಿಂದ ಬಿಗಿಯುತ್ತಾರೆ. ಚರ್ಮಕ್ಕೆ ಹೊಲಿಗೆ ಬೇಕಿಲ್ಲ. ಅದೇ ದಿನ ಮನೆಗೆ ಹೋಗಬಹುದು. ಆದರೆ ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ವೀರ್ಯ ಪರೀಕ್ಷೆಯಲ್ಲಿ ಅದು ಖಚಿತವಾಗುವವರೆಗೆ ಕಾಂಡೋಮ್‌ನಂಥ ಬೇರೆ ವಿಧಾನ ಬಳಸಲೇಬೇಕು.

ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಸಾಗುವ ದಾರಿ ಬೇರೆ. ವೃಷಣದ ಲೇಡಿಗ್ ಕೋಶಗಳು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ಅದನ್ನು ತಯಾರಿಸಿ ನೇರವಾಗಿ ರಕ್ತಕ್ಕೆ ಬಿಡುತ್ತವೆ. ವೀರ್ಯನಾಳ ಮುಚ್ಚಿದರೂ ರಕ್ತನಾಳ ತೆರೆದೇ ಇರುತ್ತದೆ. ಹಾಗಾಗಿ ಹಾರ್ಮೋನು, ಮೀಸೆ, ದನಿ, ಕಾಮಾಸಕ್ತಿ ಮೊದಲಿದ್ದಂತೆಯೇ ಇರುತ್ತವೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆಯಾದ್ದರಿಂದ ಅದರ ಪ್ರಮಾಣದಲ್ಲೂ ವ್ಯತ್ಯಾಸ ಕಾಣದು.

ಹಾಗಿದ್ದೂ ಆಪರೇಷನ್‌ನಿಂದ ಶಕ್ತಿ ಕುಂದಿತೆಂಬ ಅಪವಾದ ಬರುವುದು ವಯಸ್ಸಿನಿಂದ. ಗಂಡಸರ ಟೆಸ್ಟೋಸ್ಟೆರಾನ್ ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತದೆ, ಆಪರೇಷನ್ ಆದವರಿಗೂ ಆಗದವರಿಗೂ ಇದು ಒಂದೇ. ಬೊಜ್ಜು, ಮಧುಮೇಹ, ನಿದ್ರಾಹೀನತೆ ಜೊತೆಗೂಡಿದರೆ ಇಳಿಕೆ ಹೆಚ್ಚು. ಮೂವತ್ತೈದಕ್ಕೆ ಆಪರೇಷನ್ ಮಾಡಿಸಿಕೊಂಡವರಿಗೆ ಐವತ್ತಕ್ಕೆ ಸುಸ್ತು ಕಾಣಿಸಿದರೆ ಕಾರಣವೆಂದು ಹಳೆಯ ಆಪರೇಷನ್ನೇ ನೆನಪಾಗುತ್ತದೆ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವವರಿಗೆ, ಮಾಲೂರಿನ ಇಟ್ಟಿಗೆ ಗೂಡುಗಳ ಕಾರ್ಮಿಕರಿಗೆ, ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ, ಮುಳಬಾಗಿಲಿನ ಹೊಲಗಳಲ್ಲಿ ದುಡಿಯುವವರಿಗೆ ಮೈಬಲವೇ ಅನ್ನ. ಭಾರ ಎತ್ತಲಾದೀತೇ ಎಂಬ ಅವರ ಚಿಂತೆ ಸಹಜ. ಎರಡು ದಿನ ವಿಶ್ರಾಂತಿ ಪಡೆದರೆ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ. ಭಾರ ಎತ್ತುವುದು, ಸೈಕಲ್ ತುಳಿಯುವುದು ಒಂದು ವಾರದ ಬಳಿಕ. ಕೆಲವರಿಗೆ ಊತ, ಸೋಂಕು ಅಥವಾ ಉಳಿದುಬಿಡುವ ನೋವು ಕಾಣಿಸಬಹುದು. ಅದಕ್ಕೆ ಚಿಕಿತ್ಸೆ ಬೇಕು, ಆದರೆ ಅದು ಹಾರ್ಮೋನಿನ ಕೊರತೆಯಲ್ಲ.

ಈ ಶಂಕೆಗಳ ಜೊತೆಗೆ 1975–77ರ ತುರ್ತುಪರಿಸ್ಥಿತಿಯಲ್ಲಿ ನಡೆದ ಬಲವಂತದ ಆಪರೇಷನ್‌ಗಳ ಕಹಿಯೂ ಉಳಿದುಬಿಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಶೇ. 37.9ರಷ್ಟು ಸ್ತ್ರೀ ಸಂತಾನಹರಣವನ್ನು ನೆಚ್ಚಿದ್ದರೆ, ಪುರುಷರದು ಶೇ. 0.3 ಮಾತ್ರ. ಹೆಂಗಸರ ಆಪರೇಷನ್‌ಗೆ ಹೊಟ್ಟೆ ಕೊಯ್ಯಬೇಕು. ಗಂಡಸರದು ಅದಕ್ಕಿಂತ ಸರಳ, ಅಪಾಯವೂ ಕಡಿಮೆ.

ನಡುವಯಸ್ಸಿನಲ್ಲಿ ಸುಸ್ತು, ನಿರಾಸಕ್ತಿ ಕಂಡವರು ಮೊದಲು ಸಕ್ಕರೆ, ಬಿಪಿ ಪರೀಕ್ಷಿಸಿಕೊಳ್ಳಬೇಕು. ವೈದ್ಯರು ಟೆಸ್ಟೋಸ್ಟೆರಾನ್ ನೋಡಬೇಕೆಂದರೆ ರಕ್ತವನ್ನು ಬೆಳಗಿನ ಹೊತ್ತೇ ಕೊಡಬೇಕು. ಆಗ ಅದರ ಮಟ್ಟ ಹೆಚ್ಚಿರುತ್ತದೆ. ಮಟ್ಟ ಕಡಿಮೆಯಿದ್ದರೆ ಇನ್ನೊಂದು ಬೆಳಿಗ್ಗೆ ಮತ್ತೆ ಪರೀಕ್ಷಿಸಿಯೇ ಕೊರತೆ ಎನ್ನಬೇಕು.