ಜೋಡಿಸಿದವರಿಗೇ ಸೇರಿದ ಜೋಡಣೆ

ಮುಂಬೈನ ಅಂಧೇರಿ ಪೂರ್ವದ ಸೀಪ್ಜ್ 1973ರಲ್ಲಿ ಎಲೆಕ್ಟ್ರಾನಿಕ್ಸ್ ರಫ್ತಿಗೆಂದು ಹುಟ್ಟಿದ ವಲಯ; ದೇಶದ ಸಾಫ್ಟ್‌ವೇರ್ ರಫ್ತು ಬೇರೂರಿದ ಮೊದಲ ನೆಲಗಳಲ್ಲಿ ಒಂದು. ಅಲ್ಲಿಯೂ ಸುತ್ತಲಿನ ಮರೋಳ್, ಚಕಾಲಾಗಳಲ್ಲಿಯೂ ಪಾಳಿಯಲ್ಲಿ ದುಡಿಯುವ ಅನೇಕರ ದಿನ ಕೆಲಸದ ಮಾಹಿತಿಯನ್ನು ಚೌಕಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್‌ನಿಂದ ಶುರುವಾಗುತ್ತದೆ. ದೂರುಗಳ ಪಟ್ಟಿ ಒಬ್ಬರಿಗೆ ಮೊದಲು ಕಾಣಬೇಕು, ಮಾರಾಟದ ಲೆಕ್ಕ ಇನ್ನೊಬ್ಬರಿಗೆ. ಬೇಕಾದ ಚೌಕವನ್ನು ಮೌಸಿನಿಂದ ಎಳೆದು ಮೇಲಿಟ್ಟರೆ ನಾಳೆಯೂ ಅದು ಅಲ್ಲೇ ಇರಬೇಕೆಂಬುದು ಸಹಜ ನಿರೀಕ್ಷೆ. ಆದರೆ ವೆಬ್ ಹುಟ್ಟುವಾಗ ಅದಕ್ಕೆ ನೆನಪೇ ಇರಲಿಲ್ಲ. ಪ್ರತಿ ಕೋರಿಕೆಯೂ ಸರ್ವರ್‌ಗೆ ಹೊಸಬರ ಕೋರಿಕೆಯೇ.

ನೆನಪು ಕಂತುಕಂತಾಗಿ ಬಂತು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಬ್ರೌಸರ್‌ನಲ್ಲಿ ಉಳಿಯುವ ಪುಟ್ಟ ಟಿಪ್ಪಣಿಯಾದ ಕುಕಿಯನ್ನು ರೂಪಿಸಿದರು. ಅದರಲ್ಲಿ ಹಿಡಿಸುವುದು ಸುಮಾರು 4 ಕಿಲೋಬೈಟ್. 1996ರ ಮೈ ಯಾಹೂ ಓದುಗರ ಆಯ್ಕೆಗೆ ತಕ್ಕ ಪುಟ ಕೊಟ್ಟಿತು. 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿದ್ದ ಎಳೆದುಬಿಡುವ ಸೌಲಭ್ಯವೇ ಮುಂದೆ ಎಚ್‌ಟಿಎಂಎಲ್ 5ರ ಅಂಥದೇ ಸೌಲಭ್ಯಕ್ಕೆ ಆಧಾರವಾಯಿತು. 2005ರಲ್ಲಿ ಬಳಕೆದಾರರೇ ಚೌಕಗಳನ್ನು ಜೋಡಿಸಿಕೊಳ್ಳುವ ನೆಟ್‌ವೈಬ್ಸ್ ಪುಟ ಬಂತು. ಮುಂದೆ ಐಗೂಗಲ್ ಎನಿಸಿಕೊಂಡ ಪುಟವೂ ಅದೇ ವರ್ಷದ್ದು. 2009ರ ಹೊತ್ತಿಗೆ ಬ್ರೌಸರ್‌ಗಳಲ್ಲಿ ಲೋಕಲ್ ಸ್ಟೋರೇಜ್ ಸಿಕ್ಕಿ, ಕೆಲವು ಮೆಗಾಬೈಟ್ ಮಾಹಿತಿಗೆ ಜಾಗವಾಯಿತು. ಇಷ್ಟಾದರೂ ಒಂದು ಜೋಡಣೆಗಾಗಿ ಉಳಿಸಬೇಕಾದದ್ದು ಬಲು ಚಿಕ್ಕದು. ಪ್ರತಿ ಚೌಕಕ್ಕೊಂದು ಬದಲಾಗದ ಗುರುತು, ಅದರ ಸಾಲು, ಕಂಬ, ಅಗಲ. ಇವನ್ನು ಜೇಸನ್ ಪಠ್ಯವಾಗಿ ಬರೆದಿಟ್ಟು, ಪುಟ ತೆರೆದಾಗ ಓದಿ ಜೋಡಿಸಿದರಾಯಿತು. ಈ ನಡುವೆ ತೆಗೆದುಹಾಕಿದ ಚೌಕವನ್ನು ಬಿಟ್ಟು, ಹೊಸದನ್ನು ಕೊನೆಗೆ ಸೇರಿಸಬೇಕು. ಇಲ್ಲದಿದ್ದರೆ ಹಳೆಯ ಜೋಡಣೆಯೇ ಹೊಸ ಪುಟವನ್ನು ಕೆಡಿಸುತ್ತದೆ.

ಇದನ್ನು ಎಲ್ಲಿಡಬೇಕು? ಬಳಕೆದಾರರ ಖಾತೆಯಲ್ಲಿ ಎಂಬುದೇ ನನ್ನ ವಾದ. ಬ್ರೌಸರ್‌ನಲ್ಲಿಟ್ಟದ್ದು ಆ ಯಂತ್ರಕ್ಕೆ ಸೇರುತ್ತದೆ, ಮನುಷ್ಯರಿಗಲ್ಲ. ಹಗಲಿನವರೂ ರಾತ್ರಿಯವರೂ ಒಂದೇ ಕಂಪ್ಯೂಟರ್, ಒಂದೇ ಬ್ರೌಸರ್ ಬಳಸುವ ಕಡೆ ಒಬ್ಬರ ಜೋಡಣೆ ಇನ್ನೊಬ್ಬರ ಎದುರು ತೆರೆದುಕೊಳ್ಳುತ್ತದೆ. ಮೇಜು ಬದಲಾದರೆ ಸ್ವಂತದ್ದೇ ಕಾಣೆಯಾಗುತ್ತದೆ. ಬ್ರೌಸರ್‌ನಲ್ಲಿಟ್ಟರೆ ಪುಟ ಬೇಗ ತೆರೆಯುತ್ತದೆ, ಸರ್ವರ್‌ಗೆ ಹೊರೆಯಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗಾದರೆ ಅಲ್ಲೊಂದು ಪ್ರತಿ ಇರಲಿ, ಮೂಲ ಮಾತ್ರ ಖಾತೆಯಲ್ಲಿರಲಿ. ಇಷ್ಟು ಚಿಕ್ಕ ಪಠ್ಯ ಯಾವ ಸರ್ವರ್‌ಗೂ ಭಾರವಲ್ಲ. ಎಲ್ಲರಿಗೂ ಒಂದೇ ಒಳ್ಳೆಯ ವಿನ್ಯಾಸ ಸಾಲದೇ ಎಂಬ ಪ್ರಶ್ನೆಯೂ ಇದೆ. ಹೊಸಬರಿಗೆ ಅದು ಸಾಕು. ಅದೇ ಕೆಲಸವನ್ನು ದಿನವೂ ಮಾಡುವವರಿಗೆ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗಬೇಕೆಂಬುದು ವಿನ್ಯಾಸಕಾರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಳೆಯಲು ಕೈ ಸಹಕರಿಸದವರ ಗತಿಯೇನು ಎಂಬ ಆಕ್ಷೇಪ ಮಾತ್ರ ಪೂರ್ತಿ ನ್ಯಾಯವಾದದ್ದು. 2023ರ ಅಕ್ಟೋಬರ್‌ನಲ್ಲಿ ಬಂದ, ವೆಬ್ ಎಲ್ಲರಿಗೂ ನಿಲುಕಬೇಕೆನ್ನುವ ಡಬ್ಲ್ಯೂಸಿಎಜಿ 2.2 ಮಾನದಂಡ ಎಳೆಯದೆಯೇ ಅದೇ ಕೆಲಸ ಮಾಡುವ ದಾರಿಯನ್ನು ಕೇಳುತ್ತದೆ. ಮೇಲೆ, ಕೆಳಗೆ ಎಂಬ ಎರಡು ಗುಂಡಿಗಳಿದ್ದರೂ ಆದೀತು.

ಆದರೆ ಖಾತೆಯೂ ಕೊನೆಯ ಭದ್ರತೆಯಲ್ಲ. 2013ರ ನವೆಂಬರ್ 1ರಂದು ಐಗೂಗಲ್ ಮುಚ್ಚಿದಾಗ ಜನ ವರ್ಷಗಟ್ಟಲೆ ಒಪ್ಪಮಾಡಿಕೊಂಡ ಪುಟಗಳೂ ಮುಗಿದವು. ಆದ್ದರಿಂದ ಉಳಿಸುವ ಗುಂಡಿಯ ಪಕ್ಕದಲ್ಲೇ ಜೋಡಣೆಯನ್ನು ಕಡತವಾಗಿ ಇಳಿಸಿಕೊಳ್ಳುವ ಗುಂಡಿಯೂ ಬೇಕು. ಜೋಡಿಸುವ ಶ್ರಮ ಬಳಕೆದಾರರದ್ದು. ಅದರ ಫಲವನ್ನು ಕೊಂಡೊಯ್ಯುವ ಹಕ್ಕೂ ಅವರದ್ದೇ ಆಗಬೇಕು.