ಉಮಿಕಲ್ ಬೆಟ್ಟದ ಹೀರೋ ಎಲ್ಲಿ? ಅಭಿಮಾನಿಗಳು ಕೇಳ್ತಾರೆ!

ಗಾಂಧಿನಗರದ ಯಾವ ಪ್ರಚಾರಕರ್ತನನ್ನಾದರೂ ಕೇಳಿ ನೋಡಿ. ಪಿಕ್ಚರ್ ಕೆಟ್ಟದಾಗಿದ್ದರೆ ಜನ ಎರಡು ವಾರ ಬೈಯುತ್ತಾರೆ, ಮೂರನೇ ವಾರ ಮರೆಯುತ್ತಾರೆ. ಆದರೆ ಪೋಸ್ಟರಿನಲ್ಲಿ ಒಬ್ಬ ಹೀರೋ, ತೆರೆಯ ಮೇಲೆ ಇನ್ನೊಬ್ಬ ಅಂತ ಆಯಿತೋ... ಥಿಯೇಟರಿನ ಕುರ್ಚಿಗೆ ಉಳಿಗಾಲವಿಲ್ಲ!

ಕಾರ್ಕಳ ತಾಲೂಕಿನ ಬೈಲೂರು ಉಮಿಕಲ್ ಬೆಟ್ಟದ ಪರಶುರಾಮ ಥೀಮ್ ಪಾರ್ಕಿನದ್ದು ಹೆಚ್ಚು ಕಡಿಮೆ ಇದೇ ಕಥೆ. ಸಿನಿಮಾ ಪತ್ರಿಕೆಗೂ ಥೀಮ್ ಪಾರ್ಕಿಗೂ ಎಂಥ ಸಂಬಂಧ ಅಂತ ಹುಬ್ಬೇರಿಸಬೇಡಿ ಓದುಗರೇ. ಭರ್ಜರಿ ಪಬ್ಲಿಸಿಟಿ, ಅದ್ದೂರಿ ರಿಲೀಸು, ಮೊದಲ ವಾರ ಹೌಸ್‌ಫುಲ್, ಇಂಟರ್‌ವಲ್ ಆದ ಮೇಲೆ ಹೀರೋನೇ ನಾಪತ್ತೆ! ಇದು ಸಿನಿಮಾ ಅಲ್ಲದಿದ್ದರೆ ಮತ್ತೇನು?

ಮೊದಲು ಕಥಾಸಾರ. 2023ರ ಜನವರಿ 27. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಿಂದ ಉದ್ಘಾಟನೆ. ಕಾರ್ಕಳದ ಶಾಸಕ ವಿ. ಸುನಿಲ್ ಕುಮಾರ್ ಆಗ ಇಂಧನ ಮತ್ತು ಕನ್ನಡ ಸಂಸ್ಕೃತಿ ಖಾತೆಯ ಸಚಿವರು, ಈ ಯೋಜನೆಯ ಕನಸು ಅವರದ್ದೇ. ಕೆಲಸದ ಹೊಣೆ ಉಡುಪಿ ನಿರ್ಮಿತಿ ಕೇಂದ್ರಕ್ಕೆ. ಬೆಟ್ಟದ ನೆತ್ತಿಯಲ್ಲಿ 33 ಅಡಿಯ ಪರಶುರಾಮ, ಕೈಯಲ್ಲಿ ಕೊಡಲಿ. ‘ಕಂಚಿನ ಮೂರ್ತಿ’ ಅಂತ ಪ್ರಚಾರ. ಕೊಡಲಿ ಬೀಸಿ ಸಮುದ್ರವನ್ನು ಹಿಂದಕ್ಕೆ ಸರಿಸಿ ಈ ನಾಡನ್ನು ಪಡೆದವನು ಅನ್ನುವ ಕಥೆ ಕರಾವಳಿಯ ಮಕ್ಕಳಿಗೆಲ್ಲ ಗೊತ್ತು. ಜನ ಬಸ್ಸು ಹಿಡಿದು ಬಂದರು, ಕಾರು ಮಾಡಿಕೊಂಡು ಬಂದರು, ಫೋಟೋ ಹೊಡೆಸಿಕೊಂಡರು.

ಮೇ ತಿಂಗಳಲ್ಲಿ ಚುನಾವಣೆ ನಡೆಯಿತು, ಸರಕಾರ ಬದಲಾಯಿತು. ‘ಮೂರ್ತಿ ಕಂಚಿನದ್ದಲ್ಲ, ಫೈಬರ್!’ ಅಂತ ಗುಲ್ಲೆದ್ದಿತು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಮೂರ್ತಿಗೆ ಹೊದಿಕೆ ಬಿತ್ತು. ಹೊದಿಕೆಯೊಳಗಿಂದ ಸೊಂಟದ ಮೇಲಿನ ಭಾಗ ಕೆಳಗಿಳಿಯಿತು. ಗೇಟು ಮುಚ್ಚಿತು. ಆಮೇಲೆ ಪ್ರತಿಭಟನೆ, ಪೊಲೀಸ್ ಕೇಸು, 2024ರ ನವೆಂಬರಿನಲ್ಲಿ ಶಿಲ್ಪಿಯ ಬಂಧನ. 2025ರಲ್ಲಿ ಆರೋಪಪಟ್ಟಿ ಕೋರ್ಟಿಗೆ ಹೋದಾಗ ಹೊಸದೊಂದು ಟ್ವಿಸ್ಟು: ಮೂರ್ತಿ ಕಂಚಿನದ್ದೂ ಅಲ್ಲ, ಫೈಬರಿನದ್ದೂ ಅಲ್ಲ, ಹಿತ್ತಾಳೆಯದ್ದು! ಫೈಬರ್ ಅಂದವರು ಸುಳ್ಳರು ಅಂತ ಒಂದು ಕಡೆ, ಕಂಚಲ್ಲ ಅಂತ ನಾವು ಹೇಳಿದ್ದೇ ನಿಜ ಅಂತ ಇನ್ನೊಂದು ಕಡೆ. ಇಬ್ಬರೂ ಗೆದ್ದ ಇಂಥ ಕ್ಲೈಮ್ಯಾಕ್ಸನ್ನು ಯಾವ ಚಿತ್ರದಲ್ಲೂ ನಾನು ನೋಡಿಲ್ಲ.

ತಪ್ಪು ಯಾರದ್ದು ಅನ್ನುವುದನ್ನು ಕೋರ್ಟು ನೋಡಿಕೊಳ್ಳುತ್ತದೆ. ನಾನು ಹೊರಟದ್ದು ಬೇರೆ ಪ್ರಶ್ನೆ ಹಿಡಿದುಕೊಂಡು. ಈ ಪಾರ್ಕಿಗೆ ನಿಜವಾದ ಅಭಿಮಾನಿಗಳಿದ್ದರಲ್ಲ, ಮೊದಲ ವಾರವೇ ಮೆಟ್ಟಿಲು ಹತ್ತಿದವರು, ಅವರಿಗೆ ಏನನ್ನಿಸಿತು? ಪಾರ್ಕಿನವರು ತಮ್ಮ ಹೆಸರನ್ನು ಕಾಪಾಡಿಕೊಂಡ ರೀತಿ ಅವರಿಗೆ ಒಪ್ಪಿಗೆಯೋ?

ಶುರು ಮಾಡಿದ್ದು ಕಾಪುವಿನಿಂದ. ಸಂಜೆ ಹೊತ್ತು, ದೀಪಸ್ತಂಭದ ಬುಡದಲ್ಲಿ ಜನವೋ ಜನ. 1901ರಲ್ಲಿ ಕಟ್ಟಿದ ದೀಪಸ್ತಂಭ ಅದು. ಬಂಡೆಯ ಮೇಲೆ ಸುಮ್ಮನೆ ನಿಂತಿದೆ, ಅದಕ್ಕೊಬ್ಬ ಪಿ.ಆರ್.ಓ. ಇಲ್ಲ, ಉದ್ಘಾಟನೆಯ ಬ್ಯಾನರಿಲ್ಲ. ಚುರುಮುರಿ ಮಾರುವ ಒಬ್ಬರಲ್ಲಿ ಮಾತು ತೆಗೆದೆ. ಮಕ್ಕಳನ್ನು ಕರ್ಕೊಂಡು ಶಿರ್ವ, ಬೆಳ್ಮಣ್ ದಾರಿಯಾಗಿ ಬೈಲೂರಿಗೆ ಹೋಗಿಬಂದವರು.

“ನಮಗೆ ಕಂಚೇ ಬೇಕು ಅಂತ ಯಾರು ಕೇಳಿದ್ರು ಮಾರಾಯ್ರೆ? ಸಿಮೆಂಟಿನದ್ದೇ ಮಾಡಿದ್ರೆ ಆಗ್ತಿರ್ಲಿಲ್ವಾ? ಮುರ್ಡೇಶ್ವರದಲ್ಲಿ ಎಂಥದ್ದುಂಟು? ಸಿಮೆಂಟೇ ಅಲ್ವಾ? ಜನ ಹೋಗುದಿಲ್ವಾ?”

ಓದುಗರೇ, ಇಡೀ ಪ್ರವಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಮಾತು ಸಿಗಲಿಲ್ಲ. ಮುರ್ಡೇಶ್ವರದ ಶಿವ 123 ಅಡಿ. ಕಾಂಕ್ರೀಟಿನದ್ದು ಅಂತ ಎಲ್ಲರಿಗೂ ಗೊತ್ತು, ಬೇರೆ ಯಾವುದೋ ಲೋಹ ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ಅದನ್ನು ‘ನಕಲಿ’ ಅನ್ನುವವನೂ ಹುಟ್ಟಲಿಲ್ಲ. ನಮ್ಮ ಸಿನಿಮಾ ಅಭಿಮಾನಿಗಳನ್ನೇ ನೋಡಿ. ಕೆಂಪೇಗೌಡ ರಸ್ತೆಯಲ್ಲಿ ಅಣ್ಣಾವ್ರ ಕಟೌಟು ನಿಂತಾಗ ಅದು ಮರದ ಹಲಗೆ, ಬಣ್ಣ ಅಂತ ಗೊತ್ತಿದ್ದೇ ಹಾರ ಹಾಕುತ್ತಿದ್ದರು. ಪೌರಾಣಿಕ ಚಿತ್ರದ ಗದೆ ಟೊಳ್ಳು, ಕಿರೀಟ ರಟ್ಟು, ಅರಮನೆ ಪ್ಲೈವುಡ್. ಪ್ರೇಕ್ಷಕನಿಗೆ ಎಲ್ಲ ಗೊತ್ತು, ಆದರೂ ಶಿಳ್ಳೆ ಹೊಡೆಯುತ್ತಾನೆ. ಅಭಿಮಾನಿ ರಟ್ಟನ್ನು ಕ್ಷಮಿಸುತ್ತಾನೆ ಸ್ವಾಮೀ, ಅವನಿಗೆ ಸಿಟ್ಟು ಬರುವುದು ರಟ್ಟಿಗೆ ಬಂಗಾರದ ಬಿಲ್ಲು ಬರೆದಾಗ.

ಅಂದ ಹಾಗೆ, ಕಂಚು ಯಾವುದು, ಹಿತ್ತಾಳೆ ಯಾವುದು ಅಂತ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ದೇವಸ್ಥಾನದ ಗಂಟೆ ಕಂಚಿನದ್ದು, ಮನೆಯ ಕೊಡಪಾನ ಹಿತ್ತಾಳೆಯದ್ದು. ಬೆರಳಲ್ಲಿ ತಟ್ಟಿ ಶಬ್ದ ಕೇಳಿಯೇ ಹೇಳುವ ಅಜ್ಜಿಯಂದಿರು ಮನೆಗೊಬ್ಬರಿದ್ದ ಊರು ಇದು. ಇಂಥವರ ಮುಂದೆ ಲೋಹದ ಹೆಸರು ಹೇಳುವಾಗ ಸ್ವಲ್ಪ ಜಾಗ್ರತೆ ಬೇಡವೇ?

ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಇಬ್ಬರು. ಒಬ್ಬರು ಕಾರ್ಕಳ ರೂಟಿನ ಕಂಡಕ್ಟರು. ಹೊಸತರಲ್ಲಿ “ಪರಶುರಾಮ, ಪರಶುರಾಮ ಇಳೀರಿ” ಅಂತ ಕೂಗಿ ಗಂಟಲು ಕಟ್ಟಿತ್ತಂತೆ. ಈಗ ಆ ಸ್ಟಾಪಿಗೆ ಮತ್ತೆ ಬೈಲೂರು ಅಂತಲೇ ಹೆಸರು. “ಏನೋ ತೊಂದರೆ ಆಯ್ತು, ರಿಪೇರಿ ಮಾಡ್ತೇವೆ, ಇಂಥ ದಿನ ತೆರೀತೇವೆ ಅಂತ ಒಂದು ಬೋರ್ಡು ಹಾಕಿದ್ರೆ ನಾವೇ ಹೇಳ್ತಿದ್ವು ಪ್ಯಾಸೆಂಜರಿಗೆ. ರಾತ್ರಿ ಟಾರ್ಪಾಲು ಬೆಳಿಗ್ಗೆ ಜಗಳ ಆದ್ರೆ ನಾವೇನು ಹೇಳುದು?” ಅಂದರು.

ಇನ್ನೊಬ್ಬರು ವಯಸ್ಸಾದ ಯಕ್ಷಗಾನ ಪ್ರೇಮಿ, ಮೇಳದ ಆಟ ಒಂದೂ ಬಿಟ್ಟವರಲ್ಲ. ಅವರದ್ದು ಬೇರೆಯೇ ರಾಗ. ತುಳುನಾಡು ಪರಶುರಾಮ ಸೃಷ್ಟಿ ಅನ್ನುವುದೇ ಚರ್ಚೆಯ ವಿಷಯ, ನಮ್ಮದು ಭೂತ, ನಾಗ, ದೈವಗಳ ನೆಲ, 2022ರಲ್ಲಿ ‘ಕಾಂತಾರ’ ಬಂದಾಗ ದೇಶವೇ ಎದ್ದು ನೋಡಿದ್ದು ಅದನ್ನೇ ಅಲ್ಲವೇ, ಅಂದರು. ಹಾಗಾದರೆ ಪಾರ್ಕೇ ಬೇಡವೇ ಯಜಮಾನ್ರೇ, ಅಂದೆ. “ಹಾಗಲ್ಲ. ರಂಗಮಂದಿರ ಉಂಟು ಮೇಲೆ, ಒಳ್ಳೇ ಗಾಳಿ ಉಂಟು. ಅಲ್ಲಿ ಆಟ ಆಡಿಸ್ಬಹುದಿತ್ತು. ಮೂರ್ತಿ ಜಗಳದಲ್ಲಿ ರಂಗಮಂದಿರಕ್ಕೂ ಬೀಗ ಬಿತ್ತಲ್ಲ, ಅದು ನನ್ನ ಹೊಟ್ಟೆ ಉರಿ.” ಈ ಹೊಟ್ಟೆ ಉರಿಗೆ ನನ್ನ ಪೂರ್ತಿ ವೋಟು. ಹೀರೋ ಇಲ್ಲ ಅಂತ ಥಿಯೇಟರನ್ನೇ ಮುಚ್ಚುವುದು ಯಾವ ನ್ಯಾಯ?

ಮಣಿಪಾಲದಲ್ಲಿ ಎಂಡ್ ಪಾಯಿಂಟಿನ ಹತ್ತಿರ ಕಾಲೇಜು ಹುಡುಗ ಹುಡುಗಿಯರ ಗುಂಪು ಸಿಕ್ಕಿತು. ದೂರದ ಊರುಗಳಿಂದ ಬಂದವರು. ಅವರಿಗೆ ರಾಜಕೀಯ ಬೇಡ, ಸುತ್ತಾಡಲು ಜಾಗ ಬೇಕು. ಅವರಲ್ಲೊಬ್ಬಳು ಕೇಳಿದ್ದು ಮಾತ್ರ ಚುರುಕಾಗಿತ್ತು: “ಡಿಸ್ನಿಲ್ಯಾಂಡ್ ಮೊದಲ ದಿನ ಫ್ಲಾಪ್ ಆಗಿತ್ತಲ್ಲ ಸಾರ್?”

ಆಗಿತ್ತು! 1955ರ ಜುಲೈ 17, ಅಮೆರಿಕದ ಕ್ಯಾಲಿಫೋರ್ನಿಯಾ. ಆಮಂತ್ರಣ ಕೊಟ್ಟವರಿಗಿಂತ ಎಷ್ಟೋ ಹೆಚ್ಚು ಜನ ನಕಲಿ ಟಿಕೇಟು ಹಿಡಿದು ನುಗ್ಗಿದರು. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈಹೀಲ್ಡ್ ಚಪ್ಪಲಿ ಹೂತುಹೋಯಿತು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿಗೂ ತತ್ವಾರ. ಇದೆಲ್ಲ ನಡೆದದ್ದು ಟೆಲಿವಿಷನ್ ಕ್ಯಾಮರಾ ಮುಂದೆ, ನೇರ ಪ್ರಸಾರದಲ್ಲಿ! ನಿರೂಪಕರಲ್ಲಿ ಒಬ್ಬರು ಸಿನಿಮಾ ನಟ ರೊನಾಲ್ಡ್ ರೇಗನ್. ಹೌದು, 1981ರಲ್ಲಿ ಅಮೆರಿಕದ ಅಧ್ಯಕ್ಷರಾದರಲ್ಲ, ಅವರೇ. ಪತ್ರಿಕೆಗಳು ಮಾರನೇ ದಿನ ಚೆನ್ನಾಗಿ ಝಾಡಿಸಿದವು. ವಾಲ್ಟ್ ಡಿಸ್ನಿ ಏನು ಮಾಡಿದರು? ಕೆಟ್ಟದ್ದನ್ನು ಸರಿಮಾಡಿಸಿ, ಬೈದ ಪತ್ರಕರ್ತರನ್ನೇ ಮತ್ತೆ ಕರೆಸಿ ತೋರಿಸಿದರು. ಟಾರ್ಪಾಲು ಹೊದಿಸಲಿಲ್ಲ.

“ಇಲ್ಲೂ ಹಾಗೇ ಮಾಡಬಹುದಿತ್ತಲ್ವಾ? ಒಂದು ತುಂಡು ಕೊಯ್ದು ಎಲ್ಲರೆದುರು ಟೆಸ್ಟ್ ಮಾಡಿಸಿದ್ರೆ ಒಂದೇ ವಾರದಲ್ಲಿ ಮುಗೀತಿತ್ತು” ಅಂದ ಇನ್ನೊಬ್ಬ ಹುಡುಗ. ಇಂಜಿನಿಯರಿಂಗ್ ಓದುವವನಂತೆ, ಅದಕ್ಕೇ ಲೆಕ್ಕ ಇಷ್ಟು ಸಲೀಸು! ಆದರೂ ಯೋಚಿಸಿ. ಯಾವ ಲೋಹ ಅನ್ನುವ ಪ್ರಶ್ನೆ ಎದ್ದದ್ದು 2023ರಲ್ಲಿ, ಆರೋಪಪಟ್ಟಿಯಲ್ಲಿ ಉತ್ತರ ಬಂದದ್ದು 2025ರಲ್ಲಿ. ನಡುವಿನ ಎರಡು ವರ್ಷ ಊರಿನ ಹೆಸರು ಫೈಬರಿನ ಜೊತೆ ಸೇರಿಕೊಂಡೇ ಓಡಾಡಿತು.

ಅದೇ ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು ಬೀಳುತ್ತಿದ್ದ ಹಳೇ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ನಿಂತಿವೆ. ಅಲ್ಲಿ ತೊಲೆ ಅಂದರೆ ತೊಲೆ, ಹಂಚು ಅಂದರೆ ಹಂಚು. ಪ್ರಚಾರ ಕಡಿಮೆ, ಕಟ್ಟುನಿಟ್ಟು ಜಾಸ್ತಿ. ಸಿನಿಮಾ ಭಾಷೆಯಲ್ಲಿ ಹೇಳುವುದಾದರೆ ಆರ್ಟ್ ಫಿಲ್ಮು. ಕಲೆಕ್ಷನ್ ನಿಧಾನ, ಮರ್ಯಾದೆ ಪರ್ಮನೆಂಟು!

ಕೊನೆಗೆ ಕಾರ್ಕಳ. ಪರ್ಕಳ, ಹಿರಿಯಡ್ಕ ದಾಟಿ ಬೈಲೂರು ಬಂದಾಗ ಬಸ್ಸಿನಲ್ಲಿ ಒಂದಿಬ್ಬರು ಕುತ್ತಿಗೆ ಚಾಚಿ ಬೆಟ್ಟದ ಕಡೆ ನೋಡಿಯೇ ನೋಡಿದರು. ಅಭ್ಯಾಸ! ಇಲ್ಲಿ ಅಭಿಮಾನಿಗಳು ಎರಡು ಪಾರ್ಟಿ. ಒಂದು ಪಾರ್ಟಿಯವರು ಊರಿಗೆ ಒಳ್ಳೇದು ಮಾಡಹೊರಟ ಶಾಸಕರ ಮೇಲೆ ಕೆಸರು ಎರಚಿದರು ಅನ್ನುತ್ತಾರೆ. ಇನ್ನೊಂದು ಪಾರ್ಟಿಯವರು ಚುನಾವಣೆಗೆ ಮುಂಚೆ ರಿಲೀಸ್ ಮಾಡುವ ಆತುರವೇ ಎಲ್ಲ ಕೆಡಿಸಿತು ಅನ್ನುತ್ತಾರೆ. ಎರಡೂ ಕಡೆಯವರು ಒಂದೇ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಕೂಗಾಡುವುದನ್ನು ಅರ್ಧ ಗಂಟೆ ಕೇಳಿದೆ. ಎರಡನೆಯವರ ಮಾತಿನಲ್ಲಿ ತೂಕ ಹೆಚ್ಚು ಅಂತ ನನಗೆ ಕಂಡಿತು. ಡಬ್ಬಿಂಗ್ ಮುಗಿಯದ ಚಿತ್ರವನ್ನು ಹಬ್ಬಕ್ಕೆ ಬಿಡುಗಡೆ ಮಾಡಿದರೆ ಏನಾಗುತ್ತದೆ ಅಂತ ನಮ್ಮ ನಿರ್ಮಾಪಕರನ್ನು ಕೇಳಿದರೆ ಸಾಕು. ಆದರೆ ಆಮೇಲೆ ಬಂದವರೂ ಪ್ರಿಂಟನ್ನು ಸರಿಮಾಡಿಸುವ ಬದಲು ರೀಲಿನ ಡಬ್ಬ ಹಿಡಿದು ಬೀದಿ ಸುತ್ತಿದರಲ್ಲ!

ಈ ಜಗಳದ ನಡುವೆ ಮಾತಾಡದೆ ಕೂತಿದ್ದವರು ಒಬ್ಬರೇ, ಬೈಲೂರು ಕಡೆಯ ರಿಕ್ಷಾದವರು. ಪಾರ್ಕು ನಂಬಿ ಸಾಲ ಮಾಡಿ ಹೊಸ ಗಾಡಿ ತೆಗೆದವರು. ನಿಮ್ಮದು ಯಾವ ಪಾರ್ಟಿ ಅಣ್ಣ, ಅಂತ ಕೇಳಿದೆ. “ಬ್ಯಾಂಕಿನ ಪಾರ್ಟಿ” ಅಂದರು.

ಅವರ ರಿಕ್ಷಾದಲ್ಲೇ ಗೊಮ್ಮಟ ಬೆಟ್ಟಕ್ಕೆ ಹೋದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಬಾಹುಬಲಿ, 42 ಅಡಿ, ಒಂದೇ ಕಲ್ಲು. ಬೇರೆ ಕಡೆ ಕೆತ್ತಿ, ಗಾಡಿಯ ಮೇಲೆ ಎಳೆದು ತಂದು ಬೆಟ್ಟ ಹತ್ತಿಸಿದ್ದು. ಇಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, 2015ರಲ್ಲಿ ನಡೆದಿತ್ತು. ಆ ಲೆಕ್ಕದಲ್ಲಿ ಮುಂದಿನ ಸರದಿ 2027ಕ್ಕೆ ಬರುತ್ತದೆ. ಆಗ ಉಡುಪಿ ಕಡೆಯಿಂದ ಬೈಲೂರಿನ ದಾರಿಯಲ್ಲಿ ಬರುವ ಯಾತ್ರಿಕರೂ ಇರುತ್ತಾರೆ. “ಆ ಬೆಟ್ಟದ ಮೇಲೆ ಅರ್ಧ ಕಾಣ್ತದಲ್ಲ, ಅದೆಂಥದ್ದು ಅಂತ ಕೇಳಿದ್ರೆ ಏನು ಹೇಳ್ಲಿ?” ಅಂತ ರಿಕ್ಷಾದವರು ನನ್ನನ್ನೇ ಕೇಳಿದರು. ಮೀಟರು ನೋಡಿ ದುಡ್ಡು ಕೊಟ್ಟೆ. ಅವರು ಚಿಲ್ಲರೆ ಹುಡುಕುತ್ತಾ, ಉತ್ತರ ಬರುತ್ತದೋ ಅಂತ ಇನ್ನೂ ಕಾಯುತ್ತಲೇ ಇದ್ದರು.