ಟಯರಿಗೆ ತಕ್ಕ ಹಲ್ಲು

ಮಲೆನಾಡಿನಲ್ಲಿ ಹಳೇ ಜೀಪುಗಳನ್ನು ಬಿಚ್ಚಿ ಕಟ್ಟುವ ಗ್ಯಾರೇಜಿಗೆ ದೊಡ್ಡ ಟಯರಿನ ಆಸೆ ಹೊತ್ತು ಹೋದರೆ, ಕೆಲಸ ಬಲ್ಲ ಮೇಸ್ತ್ರಿ ಟಯರಿನ ಮಾತೆತ್ತುವುದಿಲ್ಲ. ಗಾಡಿ ಎಲ್ಲಿ ಓಡಬೇಕು, ಒಳಗೆ ಯಾವ ಹಲ್ಲಿದೆ ಎಂದು ಕೇಳುತ್ತಾರೆ. ‘ಎಂಟು ನಲವತ್ಮೂರು’ ಅಥವಾ ‘ಎಂಟು ಮೂವತ್ತೊಂಬತ್ತು’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಬಿಡಿಭಾಗದ ಅಂಗಡಿಯಲ್ಲಿ ಡಬ್ಬಿಯ ಮೇಲೂ ಹಾಗೇ ಬರೆದಿರುತ್ತದೆ: 8×43, 8×39. ಹೊಸಬರಿಗೆ ಮಗ್ಗಿ ಒಪ್ಪಿಸಿದಂತೆ ಕೇಳುವ ಈ ಜೋಡಿ ಸಂಖ್ಯೆಗಳಲ್ಲಿ ಗಾಡಿಯ ಅರ್ಧ ಜಾತಕ ಇದೆ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ದಾಟಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಆಕ್ಸಲಿನ ಹೌಸಿಂಗ್‌ಗೆ ಬರುತ್ತದೆ. ಶಾಫ್ಟಿನ ತುದಿಯಲ್ಲಿ ಎಂಟು ಹಲ್ಲಿನ ಪುಟ್ಟ ಪಿನಿಯನ್. ಅದು ತಿರುಗಿಸುವುದು 43 ಹಲ್ಲಿನ ಅಗಲವಾದ ಕ್ರೌನನ್ನು. ಶಾಫ್ಟ್ 5.38 ಸುತ್ತು ಹಾಕಿದಾಗ ಚಕ್ರದ್ದು ಒಂದು ಸುತ್ತು. 39 ಹಲ್ಲಿನ ಕ್ರೌನ್ ಆದರೆ 4.88 ಸುತ್ತು ಸಾಕು. ಲೆಕ್ಕ ಇಲ್ಲಿಗೇ ನಿಂತಿದ್ದರೆ ಟಯರಿನ ಗೊಡವೆ ಇರುತ್ತಿರಲಿಲ್ಲ. ಆದರೆ ಚಕ್ರದ ಒಂದು ಸುತ್ತಿಗೆ ಗಾಡಿ ಎಷ್ಟು ದೂರ ಸಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಟಯರಿನ ಎತ್ತರ. 29 ಇಂಚಿನ ಟಯರ್ ಒಂದು ಸುತ್ತಿಗೆ 2.31 ಮೀಟರ್ ಹೋದರೆ, 32 ಇಂಚಿನದು 2.55 ಮೀಟರ್ ಹೋಗುತ್ತದೆ. ಅಂದರೆ ಟಯರ್ ಕೂಡ ಒಂದು ಗೇರೇ, ಎಲ್ಲಕ್ಕಿಂತ ಕೊನೆಯದು. ಅದನ್ನು ಬದಲಿಸಿದವರು ತಮಗೆ ತಿಳಿಯದೆಯೇ ಎಲ್ಲ ಗೇರುಗಳನ್ನೂ ಬದಲಿಸಿರುತ್ತಾರೆ.

ಜೀಪ್ ಹುಟ್ಟಿದ ಊರಿನಲ್ಲೇ ಈ ಲೆಕ್ಕ ಹೇಗೆ ಬದಲಾಯಿತೆಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದ ಟೊಲಿಡೊದಲ್ಲಿ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿ 1941ರಿಂದ ಸೈನ್ಯಕ್ಕೆಂದು ಮಾಡಿದ ಎಂಬಿ ಜೀಪಿಗೆ 6.00-16 ಟಯರ್, 4.88ರ ಕ್ರೌನ್-ಪಿನಿಯನ್. ಮೊದಲ ಗೇರ್ 2.67, ಟ್ರಾನ್ಸ್‌ಫರ್ ಕೇಸಿನ ಲೋ 1.97. ಮೂರನ್ನೂ ಗುಣಿಸಿದರೆ ಸುಮಾರು 25.7. ಯುದ್ಧ ಮುಗಿದು 1945ರಲ್ಲಿ ರೈತರನ್ನು ಕಣ್ಣಮುಂದಿಟ್ಟುಕೊಂಡು ಸಿಜೆ-2ಎ ಬಂತು. ಟಯರ್ ಅದೇ 6.00-16, ಎಂಜಿನ್ ಕೂಡ ಅದೇ ಮೂಲದ್ದು. ಆದರೆ ಕ್ರೌನ್-ಪಿನಿಯನ್ 5.38 ಆಯಿತು, ಮೊದಲ ಗೇರ್ 2.80ರ ಹತ್ತಿರ ಬಂತು, ಲೋ 2.43ಕ್ಕೆ ಏರಿತು. ಒಟ್ಟು 36ರ ಮೇಲೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಸೈನ್ಯದ ಜೀಪ್ ಲೋ ಫಸ್ಟ್‌ನಲ್ಲಿ ಗಂಟೆಗೆ 5.4 ಕಿ.ಮೀ. ಹೋದರೆ, ರೈತನ ಜೀಪ್ 3.8 ಕಿ.ಮೀ. ಹೋಗುತ್ತಿತ್ತು. ನೇಗಿಲು ಎಳೆಯಲು ಆ ನಿಧಾನವೇ ಬೇಕಿತ್ತು. ಗಾಡಿ ಯಾವ ಕೆಲಸಕ್ಕೆ ಎಂದು ಮೊದಲು ನಿರ್ಧರಿಸಿ ಆಮೇಲೆ ಹಲ್ಲು ಕತ್ತರಿಸಿದ ಎಂಜಿನಿಯರುಗಳ ಆ ಶಿಸ್ತು ನನಗೆ ಬಹಳ ಇಷ್ಟ.

ಆ ವಂಶದ ಗಾಡಿಗಳೇ ಮಹೀಂದ್ರ ಮೂಲಕ ನಮ್ಮಲ್ಲಿಗೆ ಬಂದವು. ಮುಂಬೈನಲ್ಲಿ ಬಿಡಿಭಾಗ ತರಿಸಿ ಜೋಡಿಸುವುದರಿಂದ ಆರಂಭವಾಗಿ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಹಲವು ದಶಕ ಇಲ್ಲೇ ತಯಾರಾಯಿತು. ಪೆಟ್ರೋಲ್ ಹೋಗಿ ಡೀಸೆಲ್ ಬಂತು, ಮೂರು ಗೇರು ನಾಲ್ಕಾದವು, ಉದ್ದ ಹೆಚ್ಚಿತು. ಹೌಸಿಂಗ್‌ನೊಳಗಿನ ಸಂಖ್ಯೆಗಳು ಮಾತ್ರ ಅದೇ ಬಳಗದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಕೊಲ್ಲೂರಿನಿಂದ ಕೊಡಚಾದ್ರಿಗೆ ಏರುವ ದಾರಿಯಲ್ಲಿ, ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲಿ ಇವತ್ತಿಗೂ ದುಡಿಯುವ ಹಳೆಯ ಜೀಪುಗಳು ಈ ಬಳಗದವೇ.

ಈಗ ದೊಡ್ಡ ಟಯರಿನ ಕಥೆ. ಕಂಪನಿ ಕೊಟ್ಟ 6.00-16 ಸುಮಾರು 29 ಇಂಚು ಎತ್ತರ, ಕೈಯಗಲಕ್ಕಿಂತ ಸ್ವಲ್ಪ ಹೆಚ್ಚಿನ ಅಗಲ. ಅದನ್ನು ತೆಗೆದು ಸುಮಾರು 32 ಇಂಚಿನ 7.50-16 ಹಾಕಿದರೆ ಗಾಡಿಯ ನಿಲುವೇ ಬೇರೆ. ಹೌಸಿಂಗ್ ನೆಲದಿಂದ ಒಂದೂವರೆ ಇಂಚು ಮೇಲೇಳುತ್ತದೆ. ಕಲ್ಲುದಾರಿಯಲ್ಲಿ ಅದು ನಿಜವಾದ ಲಾಭ. ಆದರೆ 4.88ರ ಗಾಡಿ 32 ಇಂಚಿನ ಟಯರಿನ ಮೇಲೆ ನಿಂತಾಗ ಎಳೆತದ ಲೆಕ್ಕದಲ್ಲಿ 4.42ರ ಗಾಡಿಯಾಗುತ್ತದೆ. ಏರಿನಲ್ಲಿ ಸೆಕೆಂಡ್ ಗೇರ್ ಹಿಡಿಯುವುದಿಲ್ಲ, ಫಸ್ಟ್‌ಗೆ ಇಳಿಯಬೇಕು. ತೋಟದ ತಿರುವಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಗಾಡಿ ಹೊರಳಿಸುವುದು ರೂಢಿಯಾಗುತ್ತದೆ. ಕ್ಲಚ್ ಪ್ಲೇಟ್ ಸುಟ್ಟಾಗ ಎಲ್ಲರೂ ಕ್ಲಚ್ಚನ್ನೇ ಬೈಯುತ್ತಾರೆ.

ಇಲ್ಲೇ ಆ ಎರಡು ಸಂಖ್ಯೆಗಳು ಪರಸ್ಪರ ಕೈಹಿಡಿಯುವುದು. 32 ಇಂಚಿನ ಟಯರಿನ ಜೊತೆ 8×43 ಸೇರಿಸಿ ಲೆಕ್ಕ ಹಾಕಿ: 5.38ನ್ನು 29ರಿಂದ ಗುಣಿಸಿ 32ರಿಂದ ಭಾಗಿಸಿದರೆ 4.88. ಅಂದರೆ 29 ಇಂಚಿನ ಟಯರಿಗೆ 8×39 ಹೇಗೋ, 32 ಇಂಚಿನದಕ್ಕೆ 8×43 ಹಾಗೆ. ಟಯರ್ ಏರಿಸಿದಷ್ಟೇ ಹಲ್ಲೂ ಏರಿದ್ದರಿಂದ ಎಂಜಿನ್ನಿಗೆ ಏನೂ ಬದಲಾಗಿಲ್ಲ. ಹಳೇ ಜೀಪಿನಲ್ಲಿ ಇಷ್ಟು ನಿಖರವಾಗಿ ಕೂಡಿಬರುವ ಜೋಡಿ ಇನ್ನೊಂದಿಲ್ಲ ಎನ್ನಬಹುದು.

ಯಾರು ಬೇಕಾದರೂ ಹಾಕಬಹುದಾದ ಸೂತ್ರವೂ ಇದೆ. ಎಂಜಿನ್ನಿನ ಆರ್‌ಪಿಎಂ ಅನ್ನು ಟಯರಿನ ಎತ್ತರದಿಂದ (ಇಂಚಿನಲ್ಲಿ) ಗುಣಿಸಿ, ಒಟ್ಟು ಅನುಪಾತವನ್ನು 209ರಿಂದ ಗುಣಿಸಿ ಬಂದುದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. ಟಾಪ್ ಗೇರ್ ನೇರ 1:1 ಇರುವ ಹಳೆಯ ಗೇರ್‌ಬಾಕ್ಸಿನ ಜೀಪ್ 29 ಇಂಚಿನ ಟಯರಿನಲ್ಲಿ ಗಂಟೆಗೆ 80 ಕಿ.ಮೀ. ಹೋಗಲು 5.38 ಇದ್ದರೆ ಎಂಜಿನ್ ಹೆಚ್ಚುಕಡಿಮೆ 3100 ಸುತ್ತು ತಿರುಗಬೇಕು. 4.88ಕ್ಕೆ 2800 ಸಾಕು, 11×47 ಹಲ್ಲಿನ 4.27ಕ್ಕೆ 2460. ನಿಧಾನ ತಿರುಗುವ ಡೀಸೆಲ್ ಎಂಜಿನ್ನಿಗೆ ಗಂಟೆಗಟ್ಟಲೆ 3100 ಎಂದರೆ ಚಿತ್ರಹಿಂಸೆ. ತೋಟದಿಂದ ವಾರಕ್ಕೊಮ್ಮೆ ಬೆಂಗಳೂರಿಗೆ ಬಂದುಹೋಗುವವರು 5.38 ಹಾಕಿಸಿ ಸಣ್ಣ ಟಯರ್ ಇಟ್ಟುಕೊಂಡರೆ ಎಂಜಿನ್ ಕೂಗಾಟದಲ್ಲೇ ಊರು ಸೇರಬೇಕು.

ಕ್ರೌನ್-ಪಿನಿಯನ್ ಸಂಖ್ಯೆ ಮಾತ್ರ ನೋಡಿ ಮೋಸ ಹೋಗುವುದೂ ಉಂಟು. ನಮ್ಮ ಜಿಪ್ಸಿಯ ಬಳಗದ ಸುಜುಕಿ ಸಮುರಾಯ್‌ನ ಆಕ್ಸಲ್ ಅನುಪಾತ 3.73. ಜೀಪಿನವರ ಕಣ್ಣಿಗೆ ಅದು ಎಳೆತವೇ ಇಲ್ಲದ ಸಂಖ್ಯೆ. ಆದರೆ ಅದರ ಟ್ರಾನ್ಸ್‌ಫರ್ ಕೇಸ್ ಹೈನಲ್ಲಿದ್ದಾಗಲೂ ನೇರ ಹೋಗದೆ 1.41ರಷ್ಟು ಇಳಿಸಿಯೇ ಕೊಡುತ್ತದೆ. ಎರಡನ್ನೂ ಗುಣಿಸಿದರೆ 5.26: ರೈತನ ಜೀಪಿನ ಸಮಸಮಕ್ಕೆ ಬಂತು.

ಟಯರಿನ ಎತ್ತರವನ್ನು ಕಂಪನಿಯ ಪಟ್ಟಿ ನೋಡಿ ನಂಬುವುದು ಬೇಡ. ಒಂದೇ ಸೈಜ್ ಎಂದು ಮಾರುವ ಎರಡು ಕಂಪನಿಯ ಟಯರುಗಳು ಅರ್ಧ ಇಂಚು ಹೆಚ್ಚುಕಮ್ಮಿ ಇರುತ್ತವೆ. ಸವೆದದ್ದು, ಗಾಳಿ ಇಳಿದದ್ದು ಇನ್ನೂ ಗಿಡ್ಡ. ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಮಾಮೂಲಿ ಹೊರೆ ಇಟ್ಟು ಗಾಡಿಯನ್ನು ಒಂದು ಸುತ್ತು ಮುಂದೆ ತಳ್ಳಿ, ನೆಲದ ಮೇಲೆ ಟೇಪ್ ಹಿಡಿಯಬೇಕು. ಬಂದ ಅಳತೆಯನ್ನು 3.14ರಿಂದ ಭಾಗಿಸಿದರೆ ಲೆಕ್ಕಕ್ಕೆ ಬೇಕಾದ ಎತ್ತರ.

ಹೌಸಿಂಗ್ ಬಿಚ್ಚದೆ ಹಲ್ಲು ಕಂಡುಹಿಡಿಯುವ ಉಪಾಯವಂತೂ ತುಂಬ ಚೆನ್ನಾಗಿದೆ. ಹಿಂದಿನ ಒಂದೇ ಚಕ್ರವನ್ನು ಜಾಕ್ ಮೇಲೆತ್ತಿ ಗೇರ್ ನ್ಯೂಟ್ರಲ್‌ನಲ್ಲಿಡಿ. ಹಳೇ ಜೀಪುಗಳ ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನೇ ಹಿಡಿಯುವಂಥದ್ದು, ಅದನ್ನು ಬಿಡಲೇಬೇಕು. ಹಾಗಾಗಿ ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟಿರಬೇಕು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಬೇಕು. ಎತ್ತಿದ ಚಕ್ರವನ್ನು ಕೈಯಿಂದ 16 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿರುವುದರಿಂದ ಡಿಫರೆನ್ಷಿಯಲ್ ಒಳಗೆ ಕ್ರೌನ್ ಅದರ ಅರ್ಧ, ಅಂದರೆ 8 ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟ್ 43 ಸುತ್ತು ಹಾಕಿದರೆ 8×43, 39 ಹಾಕಿದರೆ 8×39. ಇದೇ ಪರೀಕ್ಷೆಯನ್ನು ಮುಂದಿನ ಹೌಸಿಂಗ್‌ಗೂ ಮಾಡಬೇಕು. ಅಲ್ಲಿ ಫ್ರೀ ವೀಲ್ ಹಬ್ ಇದ್ದರೆ ಎರಡನ್ನೂ ಲಾಕ್ ಮಾಡಿಕೊಂಡಿರಬೇಕು.

ಮುಂದಿನದು ಯಾಕೆಂದರೆ, ಹಳೇ ಜೀಪಿನಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದೊಡನೆ ಎರಡು ಶಾಫ್ಟುಗಳೂ ಒಂದಕ್ಕೊಂದು ಕಟ್ಟಿಬೀಳುತ್ತವೆ. ಹಿಂದೆ 43, ಮುಂದೆ 39 ಇದ್ದರೆ ಮುಂದಿನ ಚಕ್ರಗಳು ನೂರು ಮೀಟರಿಗೆ ಹತ್ತು ಮೀಟರ್ ಹೆಚ್ಚು ಓಡಲು ಹವಣಿಸುತ್ತವೆ. ಕೆಸರಿನಲ್ಲಿ ಟಯರ್ ಜಾರಿ ಅದು ಮುಚ್ಚಿಹೋಗುತ್ತದೆ; ಡಾಂಬರಿನ ಮೇಲೆ ಲಿವರ್ ಕಚ್ಚಿಕೊಂಡು ಫೋರ್‌ವೀಲ್‌ನಿಂದ ಹೊರಗೆ ಬರುವುದಿಲ್ಲ. ಕ್ರಾಸ್ ಜಾಯಿಂಟ್ ಮುರಿಯಬಹುದು, ಟ್ರಾನ್ಸ್‌ಫರ್ ಕೇಸಿನ ಗೇರ್ ಹೋಗಬಹುದು. ಖರ್ಚು ಉಳಿಸಲು ಹಿಂದಿನ ಹಲ್ಲೊಂದನ್ನೇ ಬದಲಿಸಿ ಮಾರಿಬಿಟ್ಟ ಗಾಡಿಗಳೂ ಇವೆ. ಹಳೇ ಜೀಪ್ ಕೊಳ್ಳುವವರು ಬಣ್ಣ ನೋಡುವ ಮೊದಲು ಎರಡೂ ಕಡೆ ಶಾಫ್ಟ್ ಸುತ್ತು ಎಣಿಸಲಿ. ನಾಲ್ಕು ಟಯರುಗಳ ಎತ್ತರ ಒಂದೇ ಇರಬೇಕೆಂಬುದಕ್ಕೂ ಇದೇ ಕಾರಣ.

ಹಲ್ಲು ಬದಲಿಸುವ ಕೆಲಸವೇ ಈ ಕಸುಬಿನ ನಿಜವಾದ ಪರೀಕ್ಷೆ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಒಂದನ್ನೊಂದು ಉಜ್ಜಿ ಜೊತೆ ಮಾಡಿದವು. ಒಂದು ಸೆಟ್ಟಿನ ಕ್ರೌನಿಗೆ ಇನ್ನೊಂದರ ಪಿನಿಯನ್ ಕೂರಿಸಿದರೆ ಹೌಸಿಂಗ್ ಕೂಗುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಾಗಲಿ ಇನ್ನೆಲ್ಲೇ ಆಗಲಿ ಬಿಡಿ ಪಿನಿಯನ್ ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಹೊಸ ಸೆಟ್ ಕೂರಿಸುವಾಗ ಪಿನಿಯನ್ ಎಷ್ಟು ಒಳಗೆ ನಿಲ್ಲಬೇಕು ಎಂಬುದನ್ನು ಕಾಗದದಷ್ಟು ತೆಳುವಾದ ಶಿಮ್‌ಗಳಿಂದ ಹೊಂದಿಸುತ್ತಾರೆ. ಹಲ್ಲುಗಳಿಗೆ ಬಣ್ಣ ಸವರಿ, ತಡೆಹಿಡಿದು ತಿರುಗಿಸಿ, ಒಂದರ ಗುರುತು ಇನ್ನೊಂದರ ಮೇಲೆ ಎಲ್ಲಿ ಬಿತ್ತೆಂದು ನೋಡುತ್ತಾರೆ. ಗುರುತು ಹಲ್ಲಿನ ನಡುಮಧ್ಯೆ ಬರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಶಿಮ್ ತೆಗೆಯಬೇಕು. ತುದಿಗೆ ಏರಿದ್ದರೆ ಸೇರಿಸಬೇಕು. ಮತ್ತೆ ಬಿಚ್ಚಬೇಕು, ಮತ್ತೆ ಬಣ್ಣ. ಎರಡು ಹಲ್ಲುಗಳ ನಡುವಿನ ಸಡಿಲ ಒಂದು ಮಿಲಿಮೀಟರಿನ ಐದರಲ್ಲೊಂದು ಭಾಗದ ಆಸುಪಾಸಿನಲ್ಲಿರಬೇಕು. ಬಿಗಿಯಾದರೆ ಕಾದು ಸಾಯುತ್ತದೆ, ಸಡಿಲವಾದರೆ ಪ್ರತಿ ಗೇರಿಗೂ ಟಕ್ ಎನ್ನುತ್ತದೆ. ಈ ಕೆಲಸವನ್ನು ಅವಸರವಿಲ್ಲದೆ ಮಾಡುವವರು ಸಿಕ್ಕರೆ ಅವರು ಕೇಳಿದ ಕೂಲಿ ಕೊಡಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಚಕ್ರದ ಡಿಸ್ಕಿನ ಐದು ಬೋಲ್ಟಿನ ವೃತ್ತ ಜೀಪಿಗೂ ಜಿಪ್ಸಿಗೂ 139.7 ಮಿ.ಮೀ. ಆದ್ದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದುಂಟು. ಆದರೆ ಡಿಸ್ಕ್ ಹೊರಕ್ಕೆ ಚಾಚಿದಷ್ಟೂ ಬೇರಿಂಗ್ ಮತ್ತು ಸ್ಟಿಯರಿಂಗ್ ಮೇಲೆ ಭಾರ. ಟಯರ್ ಎತ್ತರವಾದಂತೆ ಡ್ರಮ್ ಬ್ರೇಕಿನ ಹಿಡಿತ ಅದೇ ಪ್ರಮಾಣದಲ್ಲಿ ಸೋಲುತ್ತದೆ. 29ರಿಂದ 32 ಇಂಚಿಗೆ ಹೋಗಿ ಹಲ್ಲು ಬದಲಿಸದಿದ್ದರೆ ಸ್ಪೀಡೋಮೀಟರ್ ತಪ್ಪುತ್ತದೆ: ಅದರ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಹಾಗಾಗಿ ಟಯರ್ ಮಾತ್ರ ಬದಲಾದಾಗ ಮುಳ್ಳು 60 ತೋರಿಸಿದರೆ ಗಾಡಿ 66ರಲ್ಲಿರುತ್ತದೆ. ಹಲ್ಲನ್ನೂ ಬದಲಿಸಿದರೆ ಮಾತ್ರ ಅದು ತಾನಾಗಿ ಸರಿಹೋಗುತ್ತದೆ, ಅದೂ ಮೊದಲು 4.88 ಇದ್ದ ಗಾಡಿಗೆ 5.38 ಹಾಕಿಸಿದ್ದರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವ ಕಂಪನಿಯ ವಿವರಗಳು ಬದಲಾಗುವಂಥ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. ಟಯರ್ ಕೊಳ್ಳುವ ಮೊದಲೇ ಆರ್‌ಟಿಓದಲ್ಲಿ ವಿಚಾರಿಸುವುದು ಕ್ಷೇಮ.

ಮಲೆನಾಡಿನ ಕೆಮ್ಮಣ್ಣಿನ ಕೆಸರಿಗೆ ಅಗಲವಾದ ಟಯರಿಗಿಂತ ಎತ್ತರವಾದ, ಕಿರಿದಾದ ಟಯರೇ ಮೇಲು ಎಂಬುದು ನನ್ನ ನಿಲುವು. ಅದು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ತೋಟ, ಶಾಲೆ, ಪೇಟೆ ಎಂದು ಸುತ್ತುವ ಗಾಡಿಗೆ 7.00-16 ಟಯರು, 8×43 ಹಲ್ಲು ಸಾಕು. ವರ್ಷದಲ್ಲಿ ಹೆಚ್ಚು ದಿನ ಹೆದ್ದಾರಿಯಲ್ಲಿರುವ ಗಾಡಿಗೆ 6.00-16 ಉಳಿಸಿಕೊಂಡು 8×39. ಎಂಟು ಹಲ್ಲಿನ ಪಿನಿಯನ್ ಹನ್ನೊಂದರದ್ದಕ್ಕಿಂತ ಗಾತ್ರದಲ್ಲಿ ಸಣ್ಣದು, ತಡೆಯುವ ಶಕ್ತಿಯೂ ಕಡಿಮೆ. ಹಾಗಾಗಿ ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದವರು 32 ಇಂಚು ದಾಟದಿರುವುದು ಒಳ್ಳೆಯದು. ಹೊಸ ಸೆಟ್ ಹಾಕಿಸಿದ ದಿನ ಇಪ್ಪತ್ತು ಕಿ.ಮೀ. ಮೆಲ್ಲಗೆ ಓಡಿಸಿ ಹೌಸಿಂಗ್ ತಣ್ಣಗಾಗಲು ಬಿಡಬೇಕು. ಮೊದಲ ಕೆಲವು ನೂರು ಕಿ.ಮೀ. ಹೊರೆ ಹೇರುವುದು, ಗಾಡಿ ಎಳೆಯುವುದು ಬೇಡ. ಆಮೇಲೆ ಆಯಿಲ್ ಇಳಿಸಿ ನೋಡಿ: ಹಿಟ್ಟಿನಂಥ ಲೋಹದ ಪುಡಿ ಬಂದರೆ ಚಿಂತೆಯಿಲ್ಲ, ಹೊಸ ಆಯಿಲ್ ತುಂಬಿ ಓಡಿಸಬಹುದು. ಚೂರು ಬಂದರೆ ಅದೇ ದಿನ ಹೌಸಿಂಗ್ ಬಿಚ್ಚಿಸಬೇಕು.